ಕೌದಿಯೊಳಗಿನ ನಕ್ಷೆ

ನನ್ನ ಗಂಡ ಅಸಹೇಲ್ ಥರ್ಲೋ ಏನು ಹೊಳೆದರೂ ನಕ್ಷೆ ಬರೆದು, ತಾರೀಖು ಹಾಕಿ, ಪಕ್ಕದ ಕಮ್ಮಾರ ಪ್ರೂಯಿಟ್‌ನಿಂದ ಸಾಕ್ಷಿಯ ಸಹಿ ಮಾಡಿಸುತ್ತಿದ್ದರು. "ನಿಮ್ಮ ಯಜಮಾನ್ರು ಹಸು ಕರೆಯೋಕೂ ನಕ್ಷೆ ಬರೀತಾರಮ್ಮ. ಸಹಿ ಹಾಕೀ ಹಾಕೀ ನನಗೇ ಅಕ್ಷರ ಬಂತು" ಎಂದು ಪ್ರೂಯಿಟ್ ನಗುತ್ತಿದ್ದ. ಚೊಕ್ಕವಾಗಿ ಪ್ರತಿ ಮಾಡಿಕೊಂಡ ಮೇಲೆ ಹಳೆಯದನ್ನು ಅವರು ಒಲೆಯ ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದರು. ಬುಟ್ಟಿಗೆ ಬಿದ್ದ ಕಾಗದ ನನ್ನದು, ಕೌದಿ ಹೊಲಿಯಲು.

ನಮ್ಮ ಕಡೆ ಕೌದಿಯ ಪ್ರತಿ ಬಟ್ಟೆ ತುಂಡನ್ನೂ ಆರು ಮೂಲೆಗೆ ಕತ್ತರಿಸಿದ ಕಾಗದದ ಮೇಲೆ ಮಡಿಸಿ ಟಾಕು ಹಾಕುತ್ತೇವೆ. ಕೌದಿ ಪೂರ್ತಿಯಾದ ಮೇಲೆ ಕಾಗದ ತೆಗೆಯುವುದು. ನಮ್ಮ ಮಗಳು ಲೊವಿನಾಳ ಕೌದಿ ಪೂರ್ತಿಯಾಗಲಿಲ್ಲ. ಎರಡು ವರ್ಷಕ್ಕೇ ಅವಳು ಗಂಟಲು ಬೇನೆಯಿಂದ ಹೋದಳು. ಅದನ್ನು ಕಾಗದದ ಸಮೇತ ಪೆಟ್ಟಿಗೆಯಲ್ಲಿಟ್ಟೆ.

ಆರು ವರ್ಷದ ನಂತರ ವಕೀಲರ ಪತ್ರ ಬಂತು. ಗಿರಣಿಯ ನೀರುಚಕ್ರದ ವೇಗ ಹಿಡಿತದಲ್ಲಿಡುವ ಅಸಹೇಲರ ಕವಾಟ ತನಗೇ ಮೊದಲು ಹೊಳೆದದ್ದೆಂದು ಇನ್ನೊಬ್ಬ ಹೇಳಿದ್ದನಂತೆ. ತಿಂಗಳೊಳಗೆ ತಾರೀಖಿನ ಪುರಾವೆ ಕೊಡದಿದ್ದರೆ ಪೇಟೆಂಟ್ ಹಕ್ಕು ಅವನಿಗೆ. ಅಸಹೇಲ್ ಮೂರು ದಿನ ಹುಡುಕಿದರು. ತಾರೀಖು, ಸಹಿ ಎರಡೂ ಎಸೆದ ಹಾಳೆಯಲ್ಲೇ ಇದ್ದವು. ಅದು ಎಲ್ಲಿದೆಯೆಂದು ಮೊದಲ ದಿನವೇ ನನಗೆ ಗೊತ್ತಿತ್ತು. ನಾಲ್ಕನೆಯ ದಿನ, ತಟ್ಟೆ ಒರೆಸುತ್ತ, ಅದು ಲೊವಿನಾಳ ಕೌದಿಯಲ್ಲಿದೆ ಎಂದು ಹೇಳಿದೆ.

ಅವರು ಪೆಟ್ಟಿಗೆಯ ಕಡೆ ನೋಡಿದರು. "ಬಿಚ್ಚದೆ ಆಗಲ್ವಾ, ಕೆಜಾಯಾ?"

"ಆಗಲ್ಲ. ಬಿಚ್ಚೋದಾದ್ರೆ ನಾನೇ ಬಿಚ್ತೀನಿ. ನೀವು ಕತ್ತರಿ ಮುಟ್ಟಬೇಡಿ."

ಒಂದೇ ಹಾಳೆಯ ಚೂರುಗಳು ಎಲ್ಲೆಲ್ಲೋ ಸೇರಿದ್ದರಿಂದ ಎಲ್ಲವನ್ನೂ ಬಿಚ್ಚಬೇಕಾಯಿತು. ನಾನು ಬಿಚ್ಚಿದ ಒಂದೊಂದು ಬಟ್ಟೆಯ ಮೇಲೂ ಅವರು ಸೀಮೆಸುಣ್ಣದಿಂದ ಅಂಕಿ ಬರೆದರು. ಯಂತ್ರ ಕಳಚುವಾಗಲೂ, ಮತ್ತೆ ಜೋಡಿಸಲೆಂದು, ಹಾಗೆಯೇ ಬರೆಯುತ್ತಾರೆ. ತಾರೀಖು ನಲವತ್ತೊಂದನೆಯದರಲ್ಲಿತ್ತು; ಪ್ರೂಯಿಟ್‌ನ ಸೊಟ್ಟ ಸಹಿ ಅರವತ್ತಮೂರರಲ್ಲಿ. ಒಟ್ಟು ನೂರಾ ಹನ್ನೆರಡು ತುಂಡು.

ಅಂಟಿಸಿದ ಹಾಳೆ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಗೆ ಹೋಯಿತು. ಹಕ್ಕು ನಮಗೆ ಉಳಿಯಿತು. ಊರಿನವರು ಬಂದು ಅವರ ಕೈಕುಲುಕಿದರು.

ಆಮೇಲೆ ಒಂದು ಮಧ್ಯಾಹ್ನ ಅವರು ಒಳ್ಳೆಯ ದಪ್ಪ ಕಾಗದದಲ್ಲಿ, ಕೈವಾರ ಹಿಡಿದು, ನೂರಾ ಹನ್ನೆರಡು ಹೊಸ ತುಂಡು ಕತ್ತರಿಸಿ ನನ್ನ ಮುಂದಿಟ್ಟರು. ಮೊದಲನೆಯ ಬಟ್ಟೆಯನ್ನು ಹಚ್ಚಿ ನೋಡಿದೆ. ನಾನು ಹಿಂದೆ ಕಾಗದ ಕತ್ತರಿಸಿದ್ದು ಕಣ್ಣಂದಾಜಿನಲ್ಲಿ. ಬಟ್ಟೆಯ ಮಡಿಕೆಗಳು ಆ ಓರೆಯನ್ನೇ ಹಿಡಿದಿದ್ದವು.

"ನಿಮ್ಮವು ತುಂಬಾ ಸರಿಯಾಗಿವೆ. ಕೂರ್ತಿಲ್ಲ" ಎಂದೆ.

ಅವರು ಬಟ್ಟೆಯನ್ನು ಕಾಗದದ ಮೇಲೆ ಹರಡಿ, ಹಳೆಯ ಮಡಿಕೆಯ ಗುಂಟ ಪೆನ್ಸಿಲಿನಿಂದ ನಿಧಾನವಾಗಿ ಗೆರೆ ಎಳೆದರು.

"ಎರಡನೇದು ಕೊಡು" ಎಂದರು.