ದೊಡ್ಡ ನಂಬರಿನ ಟ್ರೇ

"ನಾನೊಂದಿನ ರಜಾ ಹಾಕಿದ್ರೆ ಬೆಂಗ್ಳೂರಲ್ಲಿ ಒಂದು ಗಡಿಯಾರಾನೂ ಓಡಲ್ಲ ಕಣ್ರೇ!" ಎಂದಳು ಸಪ್ಪಲಮ್ಮ. ಹೆಂಗಸರೆಲ್ಲ ನಕ್ಕರು. "ಹೋಗ್ಲಿ, ಅರ್ಧ ಸುಳ್ಳು. ಜೆ.ಪಿ. ನಗರದಲ್ಲಂತೂ ಓಡಲ್ಲ."

ಜೆ.ಪಿ. ನಗರದ ಆ ಶೆಡ್ಡಿನಲ್ಲಿ ಎಲೆಕ್ಟ್ರಾನಿಕ್ ಗಡಿಯಾರಕ್ಕೆ ಬೋರ್ಡು ಬೆಸೆಯುತ್ತಿದ್ದರು. ಎಲ್ಲರಿಗಿಂತ ಹಳಬಳು ಸಪ್ಪಲಮ್ಮ. ಟೇಬಲ್ ಲೀಡರ್ ಪಟ್ಟ ತನಗೇ ಎಂದುಕೊಂಡಿದ್ದಳು. ಅಷ್ಟರಲ್ಲಿ ಕತ್ರಿಗುಪ್ಪೆಯಿಂದ ಗೌರಮ್ಮ ಬಂದಳು. ಅವಳ ಬೆಸುಗೆ ಮುತ್ತು ಪೋಣಿಸಿದ ಹಾಗೆ. ಕಾಫಿ ಮೊದಲು ಅವಳಿಗೆ, ಹೊಗಳಿಕೆ ಅವಳಿಗೆ. ಫ್ಯಾನಿನ ಗಾಳಿ ಕೂಡ ಅವಳ ಕಡೆಗೇ ಬೀಸುತ್ತದೆ ಎಂದು ಸಪ್ಪಲಮ್ಮನ ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು.

ಆ ವರ್ಷ ಒಣಹವೆ. ನೈಲಾನ್ ಸೀರೆ ಉಟ್ಟವರ ಕೈ ತಗುಲಿದರೆ ಚಟ್ ಎಂದು ಕಿಡಿ ಹಾರಿ ಚಿಪ್ ಸಾಯುತ್ತಿತ್ತು. ಸೂಪರ್‌ವೈಸರ್ ವೆಂಕಟಸ್ವಾಮಿ ಅಕ್ಕಿಕಾಳಿನಷ್ಟಿದ್ದ ಡಯೋಡುಗಳ ಎರಡು ಟ್ರೇ ತಂದ.

"ಇದು ಚಿಪ್ಪಿಗೆ ಕಾವಲು. ಟ್ರೇ ಮೇಲಿರೋ ನಂಬರು ಕ್ಲ್ಯಾಂಪಿಂಗ್ ವೋಲ್ಟೇಜು. ಕಿಡಿ ತಗುಲಿದ್ರೂ ಯಾರ ಬೋರ್ಡ್ ಉಳಿಯುತ್ತೋ ಪೂರ್ತಿ ಆರ್ಡರ್ ಆ ಟೇಬಲ್ಲಿಗೆ, ಲೀಡರೂ ಅವರೇ."

ಸಪ್ಪಲಮ್ಮನ ಟ್ರೇ ಮೇಲೆ ಹನ್ನೆರಡು, ಗೌರಮ್ಮನದರ ಮೇಲೆ ಮೂವತ್ತಾರು.

"ನೋಡ್ದೇನೇ ಅಂಕಮ್ಮ?" ಪಕ್ಕದವಳ ಕಿವಿಯಲ್ಲಿ ಉಸುರಿದಳು. "ಅವ್ಳಿಗೆ ಪೈಲ್ವಾನು, ನಂಗೆ ನರಪೇತಲ!"

ಗೌರಮ್ಮ ಊಟದ ಡಬ್ಬಿ ತೊಳೆಯಲು ಹೋದದ್ದೇ ತಡ, ಸಪ್ಪಲಮ್ಮ ಟ್ರೇ ಅದಲುಬದಲು ಮಾಡಿದಳು. ಗೌರಮ್ಮ ನಂಬರು ನೋಡದೆ ಬೆಸೆಯುತ್ತ ಕೂತಳು.

ಸಂಜೆ ವೆಂಕಟಸ್ವಾಮಿ ನೈಲಾನ್ ಬಟ್ಟೆಗೆ ಸ್ಕೇಲು ಉಜ್ಜಿ ಒಂದೊಂದು ಬೋರ್ಡಿಗೂ ಮುಟ್ಟಿಸಿದ. ಗೌರಮ್ಮನ ಬೋರ್ಡುಗಳ ಅಂಕಿಗಳು ಮಿಣಿಮಿಣಿ ಬೆಳಗುತ್ತಲೇ ಇದ್ದವು. ಸಪ್ಪಲಮ್ಮನವು ಒಂದರ ಹಿಂದೊಂದು ಕಣ್ಣು ಮುಚ್ಚಿದವು.

"ಅದೆಂಗೆ ಸಾರ್? ಮೂವತ್ತಾರು ದೊಡ್ಡದಲ್ವಾ?" ಎಂದಳು ಸಪ್ಪಲಮ್ಮ.

"ದೊಡ್ಡದೇ ತೊಂದ್ರೆ ಕಣಮ್ಮಾ. ಹನ್ನೆರಡರದ್ದು ಹನ್ನೆರಡು ವೋಲ್ಟಿಗೇ ಕಿಡಿಯ ಕತ್ತು ಹಿಡಿಯುತ್ತೆ. ಇದು ಮೂವತ್ತಾರರ ತನಕ ಒಳಗೆ ಬಿಡುತ್ತೆ. ಅಷ್ಟೊತ್ತಿಗೆ ಚಿಪ್ ಶಿವನ ಪಾದ ಸೇರಿರುತ್ತೆ." ಅವನು ಟ್ರೇ ಎತ್ತಿ ಹುಬ್ಬು ಗಂಟಿಕ್ಕಿದ. "ತಡೀರಿ, ಹನ್ನೆರಡು ನಿಮ್ಗಲ್ವಾ ಕೊಟ್ಟಿದ್ದು? ಟ್ರೇ ಬದಲಾಯ್ತಾ?"

ಹೌದೆಂದರೆ ಗೆದ್ದ ಟ್ರೇ ತನ್ನದು, ಕಳ್ಳಿಯೂ ತಾನೇ. ಇಲ್ಲವೆಂದರೆ ನಾಳೆಯಿಂದ ಆ ಗೌರಮ್ಮನ ಮುಂದೆ ಕೈಕಟ್ಟಿ ನಿಲ್ಲಬೇಕು. ಗೌರಮ್ಮ ಬೇರೆ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

ಸಪ್ಪಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಯಿ ತೆಗೆದಳು. ಏನಂದಿರಬಹುದು? ಅವಳ ಹೊಟ್ಟೆಯ ಉರಿ ಇಷ್ಟು ಹೊತ್ತು ಕಂಡಿದ್ದೀರಲ್ಲ, ನೀವೇ ಹೇಳಿ ನೋಡೋಣ.