ಎಡಗೆನ್ನೆಯ ಎಳೆ

ನಾನು ಒಂದು ಆರ್‌ಎನ್‌ಎ ಎಳೆ. ಹುಟ್ಟಿದ್ದು ಹುಲಿಗೆಮ್ಮನ ಎಡಗೆನ್ನೆಯ ಒಳಮೈಯಲ್ಲಿ, ಒಂದು ಜೀವಕೋಶದೊಳಗೆ. ಪ್ರೋಟೀನು ಕಟ್ಟುವ ಪಾಠ ನನ್ನಲ್ಲಿ ಬರೆದಿಲ್ಲ. ಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳುವವರ ಜೊತೆಗೆ ನಿಲ್ಲುವುದಷ್ಟೇ ನನ್ನ ಕೆಲಸ. ನಮ್ಮಂಥವು ಕೆಲವು ಗಂಟೆ ದುಡಿದು ಕರಗಿಹೋಗುತ್ತವೆ. ಅದು ಚೆನ್ನಾಗಿಯೇ ಇತ್ತು.

ಹುಲಿಗೆಮ್ಮ ಭತ್ತದ ಸಸಿ ಹಚ್ಚುವಾಗ ತಂಬಾಕು, ಸುಣ್ಣ ತಿಕ್ಕಿ ಆ ಕೆನ್ನೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬಗ್ಗಿದ ಸೊಂಟ ಸಂಜೆಯವರೆಗೂ ಎತ್ತದ ಕೆಲಸ, ಹಸಿವು ಗೊತ್ತಾಗಬಾರದಲ್ಲ. ವರ್ಷಗಟ್ಟಲೆ ಆ ಖಾರದಲ್ಲಿ ನೆನೆದ ಕೋಶ ಕೆಟ್ಟಿತು. ನನ್ನ ಮೈಗೆ ಮೀಥೈಲ್ ಎಂಬ ಚಿಕ್ಕ ಗುರುತು ಅಂಟಿಕೊಂಡಿತು. ನನ್ನನ್ನು ಕರಗಿಸಲು ಬಂದ ಕಿಣ್ವಗಳು ಅದನ್ನು ನೋಡಿ ಹಿಂದಿರುಗಿದವು. ಒಡೆ, ಇನ್ನೂ ಒಡೆ ಎಂದು ಕೋಶಕ್ಕೆ ಹೇಳುತ್ತಲೇ ಉಳಿದೆ. ಸುಸ್ತಾದರೂ ಬಾಯಿ ಮುಚ್ಚುವಂತಿರಲಿಲ್ಲ.

ಕೆನ್ನೆಯಲ್ಲಿ ಹುಣ್ಣಾಯಿತು. ಹುಲಿಗೆಮ್ಮ ಬೈದದ್ದು ನೆಗೆಣ್ಣಿಯನ್ನು, ಮೈದುನನ ಹೆಂಡತಿ ದುರುಗಮ್ಮನನ್ನು. ಗದ್ದೆಯಲ್ಲಿ ಇಬ್ಬರಿಗೂ ಒಂದೇ ಸುಣ್ಣದ ಡಬ್ಬಿ, ಅದು ದುರುಗಮ್ಮನದು.

“ನಿನ್ನ ಸುಣ್ಣ ನನ್ನ ಬಾಯಿ ಸುಟ್ಟೈತಿ. ನಿನ್ನ ನಾಲಿಗಿ ಇದ್ದಂಗ ಐತದು.”

ಬೇರೆ ಸುಣ್ಣ ತಂದಳು. ತಂಬಾಕನ್ನು ಬಲಗೆನ್ನೆಗೆ ದಾಟಿಸಿ, ಎಡಗಡೆ ಮಾಯಲಿ ಎಂದು ಕಾದಳು. ಹುಣ್ಣು ಬೆಳೆಯಿತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗತೊಡಗಿದಳು.

ಒಂದು ದಿನ ದುರುಗಮ್ಮ ಬದುವಿನ ಮೇಲೆ ಅವಳೆದುರು ಕೂತು ಬಾಯಿ ಅಗಲಿಸಿದಳು.

“ನೋಡಕ್ಕ, ಅದ ಸುಣ್ಣ ನಾನೂ ತಿಂತೀನಿ. ನನ್ನ ಬಾಯಿ ಸುಟ್ಟಿಲ್ಲಲ್ಲ? ನಾಳೆ ದವಾಖಾನಿಗೆ ನಡಿ.”

“ಸಸಿ ಹಚ್ಚೋದು ಮುಗೀಲಿ.”

“ಮುಗಿಯೋದು ಸಸಿನೋ, ನೀನೋ? ನನ್ನ ಬೈಯಾಕ ಯಾರಾರ ಬೇಕಲ್ಲ.”

ದವಾಖಾನೆಯಲ್ಲಿ ಡಾಕ್ಟರಮ್ಮ ಹುಣ್ಣಿನ ಅಂಚಿನ ಚೂರು ಕತ್ತರಿಸಿ ಸೀಸೆಗೆ ಹಾಕಿದರು. ಅದರೊಳಗೆ ನಾನಿದ್ದೆ.

“ಕ್ಯಾನ್ಸರ್ ಇದ್ದಂಗಿದೆ. ಎಲುಬಿಗೆ ಇಳಿದಂಗೆ ಕಾಣಲ್ಲ. ಬೇಗ ಆಪರೇಷನ್ ಮಾಡಿದ್ರೆ ಉಳೀತೀರಿ,” ಎಂದರು. ಆಮೇಲೆ ದುರುಗಮ್ಮನತ್ತ ತಿರುಗಿದರು. “ನೀವೂ ಬಾಯಿ ತೆಗೀರಿ.”

ಬದುವಿನ ಮೇಲೆ ಕೂತಾಗ ಹುಲಿಗೆಮ್ಮನಿಗೆ ಕಾಣದಿದ್ದ ಬಿಳಿ ಮಚ್ಚೆಯೊಂದು ದೀಪದ ಬೆಳಕಿನಲ್ಲಿ ಕಂಡಿತು.

“ಇದು ಕ್ಯಾನ್ಸರಿಗೂ ಮೊದಲಿನ ಹಂತ. ತಂಬಾಕು ಬಿಟ್ರೆ ಹೋಗಬಹುದು.”

ದುರುಗಮ್ಮನ ಸುಣ್ಣದ ಡಬ್ಬಿ ಕಸದ ಬುಟ್ಟಿಗೆ ಬಿದ್ದ ಸದ್ದು ಕೇಳಿತು. ಕೆನ್ನೆಯಲ್ಲಿ ಹತ್ತಿ ತುಂಬಿಕೊಂಡೇ ಹುಲಿಗೆಮ್ಮ ತನ್ನ ತಂಬಾಕಿನ ಸಂಚಿಯನ್ನೂ ಎಸೆಯಲು ಅವಳ ಕೈಗೆ ಕೊಟ್ಟಳು.

ಹುಲಿಗೆಮ್ಮನ ಒಪ್ಪಿಗೆ ಪಡೆದು, ಚೂರಿನ ಅರ್ಧವನ್ನು ಸಂಶೋಧನೆಗೆಂದು ಫ್ರೀಜರಿನಲ್ಲಿಟ್ಟರು. ಈಗ ಇಲ್ಲೇ ಇದ್ದೇನೆ. ನನ್ನ ಮಾತು ಕೇಳಲು ಬದುಕಿರುವ ಕೋಶವಿಲ್ಲ, ಕರಗಲು ಬಿಸುಪಿಲ್ಲ. ಯಾರಾದರೂ ಒಂದು ದಿನ ನನ್ನ ಮೈಗಂಟಿದ ಈ ಗುರುತನ್ನು ಬಿಡಿಸುವ ದಾರಿ ಕಂಡುಕೊಂಡಾರು. ಆಗ ಇನ್ನೊಬ್ಬಳ ಕೆನ್ನೆಯಲ್ಲಿ ಹುಟ್ಟುವ ನನ್ನಂಥದ್ದು ಹೊತ್ತಿಗೆ ಸರಿಯಾಗಿ ಸತ್ತುಹೋಗಲಿ. ಅವಳು ರೊಟ್ಟಿಯನ್ನು ನೆನೆಸದೆ, ಒಣದನ್ನೇ ಅಗಿದು ತಿನ್ನಲಿ.