ಗುಳ್ಳೆ ಯಾರದು?

ನಾನು ಗುಳ್ಳೆ ತೆಗೆಯುವ ಯಂತ್ರ. ಒಡೆದ ಮೊಬೈಲಿನ ಗಾಜು ಬದಲಿಸಿ, ಅಂಟಿನ ಹಾಳೆಯಿಟ್ಟು ಕೂಡಿಸುವಾಗ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಬಿಸಿ ಮತ್ತು ಒತ್ತಡ ಕೊಟ್ಟು ಅದನ್ನು ಕರಗಿಸುವುದೇ ನನ್ನ ಕೆಲಸ. ಕೊಯಮತ್ತೂರಿನ ಒಂದು ಶೆಡ್ಡಿನಲ್ಲಿ ದಪ್ಪ ಉಕ್ಕಿನ ಕೊಳವೆ ಕತ್ತರಿಸಿ ನನ್ನನ್ನು ಮಾಡಿದರು. ಹುಬ್ಬಳ್ಳಿಗೆ ಬಂದ ದಿನವೇ ಮೊಬೈಲ್ ಅಂಗಡಿಗಳ ಓಣಿಯವರು ನನಗೆ ಕುಕ್ಕರ್ ಎಂದು ಹೆಸರಿಟ್ಟರು.

“ಎಷ್ಟ್ ಸೀಟಿ ಹೊಡಸ್ಬೇಕ್ರಿ ಅಕ್ಕಾರ?” ಎಂದು ಪಕ್ಕದ ಅಂಗಡಿಯವರು ಶಶಿಕಲಾಳನ್ನು ಕೆಣಕುತ್ತಿದ್ದರು.

“ನಿಮ್ಮ ತಲಿ ಒಳಗಿಡ್ರಿ, ಎಣಿಸಿ ಹೇಳ್ತೀನಿ.”

ಅಂಗಡಿ ವಿಲಾಸನದು, ರಿಪೇರಿಯ ಕೈ ಶಶಿಕಲಾಳದು. ಗಾಜು ಕೂಡಿಸುವ ಮುನ್ನ ಅವಳು ಫ್ಯಾನ್ ಆರಿಸಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸುತ್ತಿದ್ದಳು. ಗಾಜನ್ನು ಒಂದು ಅಂಚಿನಿಂದ ಮೆಲ್ಲಗೆ ಇಳಿಸುತ್ತಿದ್ದಳು. ನನ್ನೊಳಗೆ ಹದಿನೈದು ನಿಮಿಷ ಇಟ್ಟು, ಆಮೇಲೆ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದಳು. ವಿಲಾಸನಿಗೆ ಅಷ್ಟು ತಾಳ್ಮೆಯಿಲ್ಲ. ಅವಳು ಊಟಕ್ಕೆ ಎದ್ದಾಗಲೆಲ್ಲ ಆರೇ ನಿಮಿಷಕ್ಕೆ ನನ್ನ ವಾಲ್ವ್ ತಿರುಚಿ ಫೋನು ಹೊರಗೆ ತೆಗೆದು ಗಿರಾಕಿಯ ಕೈಗಿಡುತ್ತಿದ್ದ.

ಒಂದು ದಿನ ಹೂ ಮಾರುವ ಪಾರವ್ವ ಬಂದು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. “ನೋಡಪಾ, ನಿನ್ನೆ ಚೊಲೊ ಇತ್ತು. ಇವತ್ತು ಫೋಟೋದಾಗ ನನ್ನ ಮೊಮ್ಮಗನ ಮಾರಿ ತುಂಬ ಅಮ್ಮ ಎದ್ದಂಗ ಕಾಣತೈತಿ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ವಿಲಾಸ ನಗಲಿಲ್ಲ. “ಶಶಿಕಲಾನ ಕೈ ಸರಿ ಇಲ್ಲಬೇ. ಆಕಿನ್ನ ನಂಬಿದ್ದು ನನ್ನ ತಪ್ಪು.”

ಶಶಿಕಲಾ ಗಾಜಿನ ಮೇಲೆ ಓರೆಯಾಗಿ ದೀಪ ಹಿಡಿದಳು. “ನನ್ನ ಕೈಲೆ ಧೂಳು ಕುಂತಿದ್ರ ಗುಳ್ಳಿ ನಡುವ ಬೀಜ ಇರತಿತ್ತು. ಇದು ಬರೇ ಗಾಳಿ. ಲಗೂ ತಗದದ್ದಕ್ಕ ಎದ್ದಾವು.”

“ಎದುರು ಮಾತಾಡ್ತಿ? ನಾಳಿಂದ ಬರಬ್ಯಾಡ.”

ಅವಳು ಹೋದಳು. ಕೈ ಸರಿಯಿಲ್ಲ ಎಂಬ ಮಾತು ಅವಳಿಗಿಂತ ಮೊದಲೇ ಓಣಿಯ ಎಲ್ಲ ಅಂಗಡಿ ತಲುಪಿತ್ತು. ಯಾರೂ ಅವಳಿಗೆ ಕೂರಲು ಒಂದು ಸ್ಟೂಲ್ ಕೊಡಲಿಲ್ಲ. ಆಗಲೇ ನಾನು ತೀರ್ಮಾನಿಸಿದೆ: ಇವನನ್ನು ಬಿಡಬಾರದು.

ಅದುವರೆಗೆ ಅವನು ಎಷ್ಟೇ ತಿರುಚಿದರೂ ನಾನು ವಾಲ್ವನ್ನು ಬಿಗಿಹಿಡಿದು ಗಾಳಿಯನ್ನು ನಿಧಾನವಾಗಿ ಬಿಡುತ್ತಿದ್ದೆ. ಅದರಿಂದ ಅವನ ಎಷ್ಟೋ ಫೋನುಗಳು ಉಳಿದಿದ್ದವು. ಆ ಉಪಕಾರ ನಿಲ್ಲಿಸಿದೆ. ಆರು ನಿಮಿಷ ಕೊಟ್ಟರೆ ಆರೇ ನಿಮಿಷದ ಕೆಲಸ. ವಾಲ್ವ್ ಮುಟ್ಟಿದರೆ ಸಾಕು, ಉಸ್ಸೆಂದು ಪೂರ್ತಿ ಬಾಯಿ ಬಿಡುತ್ತಿದ್ದೆ. ಅವನ ಕೈಯಲ್ಲಿ ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ಮರುದಿನ ಗಿರಾಕಿಯ ಮನೆಯಲ್ಲಿ ಗುಳ್ಳೆಗಳು ಒಂದೊಂದಾಗಿ ಕಣ್ಣು ತೆರೆಯುತ್ತಿದ್ದವು. ನನಗೆ ಹಬ್ಬ. ಪಾರವ್ವನ ಫೋನು ಮತ್ತೆ ನನ್ನೊಳಗೆ ಬಂತು. ಅವಳು ನನಗೇನು ಮಾಡಿದ್ದಳು? ಆದರೂ ಬಿಡಲಿಲ್ಲ. ಸೇಡಿಗೆ ಕೂತವರಿಗೆ ಅಕ್ಕಪಕ್ಕ ಕಾಣುವುದಿಲ್ಲ.

ತಿಂಗಳಾಗುವಷ್ಟರಲ್ಲಿ ಅಂಗಡಿಯ ಮುಂದೆ ಫೋನು ಹಿಡಿದು ಜಗಳಕ್ಕೆ ಬಂದವರೇ ತುಂಬಿದರು. ವಿಲಾಸ ರೂಢಿಯಂತೆ ಶುರುಮಾಡಿದ: “ಶಶಿಕಲಾನ ಕೈ...”

ಪಾರವ್ವ ಹೂವಿನ ಬುಟ್ಟಿ ಕೆಳಗಿಟ್ಟಳು. “ಏ ವಿಲಾಸ, ಆಕಿ ಹೋಗಿ ತಿಂಗಳಾತು. ಕೈ ಬಿಚ್ಚಿ ಇಲ್ಲೇ ಇಟ್ಟು ಹೋಗ್ಯಾಳೇನು?”

ಎಲ್ಲರೂ ನಕ್ಕರು. ಈ ಸಲದ ನಗು ಅವನ ಮೇಲೆ ಬಿತ್ತು. ಅವನು ನನ್ನತ್ತ ಬೆರಳು ತೋರಿಸಿದ: “ಹಂಗಾರ ಮಷೀನ್ ಕೆಟ್ಟಿರಬೇಕು.”

ಮರುದಿನ ನನ್ನನ್ನು ಗುಜರಿಗೆ ಒಯ್ದ. ಗುಜರಿಯ ದಾದಾಪೀರ್ ನನ್ನೊಳಗೆ ಗಾಳಿ ತುಂಬಿ, ಬಾಗಿಲು ಬಿಗಿದು, ಒಂದು ಚಹಾ ಕುಡಿಯುವವರೆಗೆ ಒತ್ತಡದ ಮುಳ್ಳನ್ನೇ ನೋಡಿದ. ನಾನು ಒಂದು ಉಸಿರನ್ನೂ ಸೋರಗೊಡಲಿಲ್ಲ.

“ವಿಲಾಸಣ್ಣ, ಮುಳ್ಳು ಅಲುಗಾಡಿಲ್ಲ. ಮಷೀನ್ ಏನೂ ಆಗಿಲ್ರೀ. ಓಣ್ಯಾಗ ಯಾರರೆ ಕೇಳಿದ್ರ ಏನಂತ ಹೇಳ್ಲಿ?”

ವಿಲಾಸ ಗುಜರಿಯ ದುಡ್ಡು ಜೇಬಿಗಿಳಿಸಿ ಹೊರಟುಹೋದ. ಮಷೀನ್ ಸರಿಯಾಗಿದೆ ಎಂದು ದಾದಾಪೀರ್ ಕೇಳಿದವರಿಗೂ ಕೇಳದವರಿಗೂ ಹೇಳಿದ.

ಅದೇ ವಾರ ಓಣಿಯ ಆಚೆ ತುದಿಯ ಅಂಗಡಿಯವರು ಶಶಿಕಲಾಳನ್ನು ಕರೆಸಿ ಕೂರಿಸಿಕೊಂಡರು. ಅವಳು ಮೊದಲು ಮುಟ್ಟಿದ್ದು ಪಾರವ್ವನ ಫೋನನ್ನಂತೆ. ಮೊಮ್ಮಗನ ಮುಖ ಈಗ ನುಣ್ಣಗಿದೆಯಂತೆ.

ಹೊಸ ಯಂತ್ರಗಳು ಬಂದಿರುವುದರಿಂದ ನನ್ನನ್ನು ಯಾರೂ ಕೊಳ್ಳಲಿಲ್ಲ. ಗುಜರಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ಕೂತಿದ್ದೇನೆ. ಗುಳ್ಳೆ ಅಡಗಿಸಲು ಹುಟ್ಟಿದ ನಾನು ಒಬ್ಬಳ ಹೆಸರು ಉಳಿಸಲು ಗುಳ್ಳೆ ಎಬ್ಬಿಸಬೇಕಾಯಿತು. ಪಾರವ್ವ ಸಿಕ್ಕರೆ ತಪ್ಪಾಯಿತೆನ್ನುತ್ತೇನೆ. ವಿಲಾಸ ಈ ದಾರಿಯಲ್ಲೇ ಓಡಾಡುತ್ತಾನೆ. ನನ್ನ ಮುಂದೆ ಬಂದಾಗ ಮುಖ ತಿರುಗಿಸುತ್ತಾನೆ. ನಾನು ತಿರುಗಿಸುವುದಿಲ್ಲ.